ಟರ್ಬೊ ಕಾರು ಮತ್ತು ನಮ್ಮತ್ತೆಯ ಕಿವಿ

ಐವತ್ತು ದಾಟಿದ ಹೆಂಗಸರಿಗೆ ಎಂತೆಂಥ ಹವ್ಯಾಸಗಳಿರಬಹುದು ಎಂಬುದಕ್ಕೆ ನಮ್ಮ ಗೋಕಾಕದಲ್ಲಿ ಒಂದು ಪಟ್ಟಿ ಇದೆ ಎನ್ನುವುದು ನನಗೆ ಐವತ್ತು ದಾಟಿದ ಮೇಲೆಯೇ ಗೊತ್ತಾಯಿತು. ಕಸೂತಿ ಹಾಕಬಹುದು, ಭಜನೆಗೆ ಹೋಗಬಹುದು, ತಾರಸಿಯ ಮೇಲೆ ಡಬ್ಬಿಗಳಲ್ಲಿ ಮೆಣಸಿನ ಗಿಡ ಬೆಳೆಸಬಹುದು. ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡು ಬೆಳಿಗ್ಗೆ ಅಡ್ಡಾಡುವುದನ್ನೂ ಜನ ಈಚೆಗೆ ಒಪ್ಪಿಕೊಂಡಿದ್ದಾರೆ. ಆದರೆ ಸೆರಗನ್ನು ಸೊಂಟಕ್ಕೆ ಬಿಗಿದು, ಕಾರಿನ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿ ನಿಲ್ಲುವುದು ಆ ಪಟ್ಟಿಯಲ್ಲಿಲ್ಲ. ನನ್ನ ಹವ್ಯಾಸ ಅದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಊರಿನ ಅರ್ಧ ಜನ, ನಮ್ಮ ಕಡೆ ಟೀಚರಮ್ಮನಿಗೆ ಅನ್ನುವ ಹಾಗೆ, ನನ್ನನ್ನು ‘ಅಕ್ಕಾರ’ ಎಂದು ಕರೆಯುತ್ತಾರೆ. ಹೀಗೆ ಬಾನೆಟ್ಟಿನೊಳಗಿರುವಾಗ ಹಿಂದಿನಿಂದ ಯಾರಾದರೂ “ನಮಸ್ಕಾರ್ರೀ ಅಕ್ಕಾರ” ಎಂದರೆ ತಿರುಗುವ ಭರದಲ್ಲಿ ತಲೆ ಬಡಿಸಿಕೊಳ್ಳುತ್ತೇನೆ. ಹಳೆಯ ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದು. ನನ್ನ ತಲೆಯ ಬುಗುಟುಗಳ ಸಂಖ್ಯೆಯೂ ಅಷ್ಟೇ.

ಕಾರು ಹಳೆಯದು, ಎರಡೇ ಬಾಗಿಲಿನದು, ನೀಲಿ ಬಣ್ಣದ್ದು. ಕೊಲ್ಲಾಪುರದ ಒಬ್ಬ ವೈದ್ಯರು ಮಾರುತ್ತಿದ್ದಾರೆಂದು ತಿಳಿದು, ಸುಮ್ಮನೆ ನೋಡಿ ಬರುತ್ತೇನೆಂದು ಹೋದವಳು ಅದರೊಳಗೆ ಕೂತೇ ಬಂದೆ. ಅದಕ್ಕೆ ಟರ್ಬೊ ಇದೆ. ಎಂಜಿನ್ನು ಬಿಟ್ಟ ಹೊಗೆಯ ರಭಸದಿಂದಲೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಆ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಯಂತ್ರ ಅದು. ಗಾಳಿ ಹೆಚ್ಚಾದಷ್ಟೂ ಗಾಡಿಗೆ ಬಲ ಹೆಚ್ಚು. ಇಪ್ಪತ್ತೈದು ವರ್ಷ ಕರಿಹಲಗೆಯ ಮೇಲೆ ಗಾಳಿಯ ಒತ್ತಡ ಬರೆದು ಅಳಿಸಿದವಳಿಗೆ ಅದು ಬೆನ್ನಿಗೆ ತಾಗುವಂತೆ ಅನುಭವಕ್ಕೆ ಬಂದರೆ ಏನಾಗಬಹುದು, ನೀವೇ ಹೇಳಿ.

ಮೊದಲು ಗಾಳಿ ಸೋಸುವ ಫಿಲ್ಟರು ಬದಲಿಸಿದೆ. ಅಷ್ಟಕ್ಕೇ ನಿಲ್ಲಿಸುವ ವಿಚಾರವಿತ್ತು. ಗಾಳಿ ಒಳಗೆ ಸರಾಗವಾಗಿ ಹೋದ ಮೇಲೆ ಹೊಗೆ ಹೊರಗೆ ಸರಾಗವಾಗಿ ಬರಬೇಡವೇ ಎಂದು ಸೈಲೆನ್ಸರು ಬದಲಿಸಿದೆ. ಅದರ ಸಪ್ಪಳ ಎಂಥದೆಂದರೆ, ಮರುದಿನ ನಾನು ಸಾಲೆಯ ಗೇಟು ಮುಟ್ಟುವ ಮೊದಲೇ ಒಂಬತ್ತನೇ ತರಗತಿ ಪುಸ್ತಕ ತೆರೆದು ಸುಮ್ಮನೆ ಕೂತಿತ್ತು. ಆಮೇಲೆ ಟರ್ಬೊದ ಗಾಳಿಯನ್ನು ತಂಪು ಮಾಡುವ ದೊಡ್ಡ ಜಾಲರಿ. ಕೊನೆಗೆ ಕಾರಿನ ಕಂಪ್ಯೂಟರಿಗೆ ಹೊಸ ಪಾಠ: ಇನ್ನು ಮೇಲೆ ಇಷ್ಟು ಗಾಳಿ ಒತ್ತು, ಇಷ್ಟು ಪೆಟ್ರೋಲು ಬಿಡು ಎಂದು. ಈ ಪಾಠ ಹೇಳಿದವರು ಮೂಡಲಗಿಯ ಇಮಾಮಸಾಬ ಮಿಸ್ತ್ರಿ. ಟ್ರ್ಯಾಕ್ಟರು, ಲಾರಿಗಳ ಟರ್ಬೊ ಬಿಚ್ಚಿ ಜೋಡಿಸುವುದರಲ್ಲಿ ಎತ್ತಿದ ಕೈ. ಅರವತ್ತರ ಹತ್ತಿರ ಲ್ಯಾಪ್‌ಟಾಪು ಕಲಿತವರು. ಅದರ ಒಂದೊಂದು ಗುಂಡಿಯನ್ನೂ ನಟ್ಟು ಬಿಗಿಯುವಷ್ಟು ಜೋರಾಗಿ ಒತ್ತುತ್ತಾರೆ.

ನಮ್ಮ ಯಜಮಾನರು ಹುಕ್ಕೇರಿಯಲ್ಲಿ ಸರಕಾರಿ ಗುಮಾಸ್ತರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ. ಒಂದೇ ಒಂದು ದಿನ ಕಾರಿನಲ್ಲಿ ಬಿಟ್ಟು ಬಂದೆ. ಸಂಜೆ ಬಂದು ಬೂಟು ಬಿಚ್ಚುತ್ತ ಶಾಂತವಾಗಿ ಹೇಳಿದರು: “ಬಸ್ಸಿನಾಗ ಹ್ವಾದ್ರ ಹುಕ್ಕೇರಿ ಬರತೈತಿ. ನಿನ್ನ ಗಾಡ್ಯಾಗ ಹ್ವಾದ್ರ ಹುಕ್ಕೇರಿ ಮೈಮ್ಯಾಲೆ ಬರತೈತಿ.” ಅಂದಿನಿಂದ ಅವರು ಮತ್ತೆ ಬಸ್ಸು.

ಮನೆಯಲ್ಲಿ ಇನ್ನೊಬ್ಬರಿದ್ದಾರೆ, ನಮ್ಮತ್ತೆ. ಎಪ್ಪತ್ತೆಂಟು ವರ್ಷ, ಮೇಲವಂಕಿಯ ಮಗಳು. ಇಪ್ಪತ್ತಾರು ವರ್ಷದಿಂದ ನಾವಿಬ್ಬರೂ ಒಂದೇ ಒಲೆಯ ಮುಂದೆ ನಿಂತವರು. ನಮ್ಮ ನಡುವೆ ಜಗಳವಿಲ್ಲ, ಮಾತೂ ಇಲ್ಲ. “ಹಿಟ್ಟ ನಾದೇನಿ”, “ಉಪ್ಪ ಹಾಕೇನಿ”, “ಹಾಲ ಉಕ್ಕತೈತಿ ನೋಡು”, ಇಷ್ಟರಲ್ಲಿ ಕಾಲು ಶತಮಾನ ಕಳೆದಿದೆ. ನಾನು ಬಾನೆಟ್ಟಿನೊಳಗಿದ್ದಾಗ ಅವರು ಕಟ್ಟೆಯ ಮೇಲೆ ಕೂತು ಬೇಳೆ ಹಸನು ಮಾಡುತ್ತಿದ್ದರು. ಒಮ್ಮೆಯೂ ಏನೂ ಅನ್ನಲಿಲ್ಲ. ಆ ಮೌನವನ್ನು ನಾನು ಅಸಮ್ಮತಿ ಎಂದೇ ಓದಿಕೊಂಡಿದ್ದೆ. ಯಾರ ಮೌನವನ್ನಾದರೂ ನನಗೆ ಅನನುಕೂಲವಾಗುವಂತೆ ಓದಿಕೊಳ್ಳುವುದರಲ್ಲಿ ನಾನು ನಿಪುಣೆ.

ಕಂಪ್ಯೂಟರಿಗೆ ಪಾಠ ಹೇಳಿಸಿದ ಮೇಲೆ ನಾಲ್ಕೇ ದಿನ ಸುಖವಿತ್ತು. ಐದನೆಯ ದಿನದಿಂದ, ಕಾಲು ಒತ್ತಿದರೆ ಗಾಡಿ ಒಂದು ಹೆಜ್ಜೆ ಹಾರಿ, ನಿಟ್ಟುಸಿರು ಬಿಟ್ಟು, ಸೋತುಹೋಗುವುದು. ಒತ್ತಡ ತೋರಿಸುವ ಮುಳ್ಳು ಮೇಲೇರಿ ನಾಚಿಕೊಂಡು ಕೆಳಗಿಳಿಯುವುದು. ಎಲ್ಲೋ ಗಾಳಿ ಸೋರುತ್ತಿದೆ ಎಂಬುದು ಸ್ಪಷ್ಟ. ಎಲ್ಲಿ ಎಂಬುದು ಮೂರು ಸಲ ಮೂಡಲಗಿಗೆ ಹೋದರೂ ತಿಳಿಯಲಿಲ್ಲ. ಮಿಸ್ತ್ರಿ ಕೊಳವೆಗಳಿಗೆಲ್ಲ ಸಾಬೂನು ನೀರು ಬಳಿದು ಗುಳ್ಳೆ ಹುಡುಕಿದರು. “ನಿಂತಾಗ ಸೋರವಲ್ತರಿ ಅಕ್ಕಾರ. ಓಡುವಾಗ ಸೋರತೈತಿ. ಓಡೂ ಗಾಡಿಗೆ ನಾ ಹ್ಯಾಂಗ ಸಾಬೂನ ಹಚ್ಚಲಿ?” ಎಂದರು. ಯಜಮಾನರು ಒಂದು ಸಂಜೆ ಚಹಾ ಕುಡಿಯುತ್ತ, ನನ್ನ ಮುಖ ನೋಡದೆ, “ಮಾರಿಬಿಡೂಣು. ನೀ ಊಟಾ ಬಿಟ್ಟು ಕುಂದ್ರೂದು ನನಗ ನೋಡಾಕಾಗವಲ್ದು” ಎಂದರು. ಬೈದಿದ್ದರೆ ವಾದ ಮಾಡಬಹುದಿತ್ತು. ಆಗಲಿ, ಈ ತಿಂಗಳು ಮುಗಿಯಲಿ, ಎಂದೆ.

ಅದೇ ವಾರ ಮೇಲವಂಕಿಯಲ್ಲಿ ಅತ್ತೆಯ ತಮ್ಮನ ಮೊಮ್ಮಗಳ ಕುಬಸ, ಅಂದರೆ ಸೀಮಂತ. ಅತ್ತೆ ಮುಂದೆ ಕೂತರು. ಯಜಮಾನರು ಹಿಂದಿನ ಸೀಟಿನಲ್ಲಿ ಮಡಿಚಿಟ್ಟ ಜಮಖಾನದ ಹಾಗೆ ಕೂತರು. ಊರು ದಾಟಿ ಬಯಲಿಗೆ ಬಂದಾಗ, ಎಂದೂ ಮಾತಾಡದ ಅತ್ತೆ, “ಶೈಲಾ, ಗಾಡಿ ನಿಂದರಸು” ಎಂದರು. ತಲೆ ಸುತ್ತಿರಬೇಕೆಂದು ಗಾಬರಿಯಾಗಿ ನಿಲ್ಲಿಸಿದೆ.

“ಈಗ ಮತ್ತ ಹೊಡಿ. ಜೋರ ಹೊಡಿ.”

“ಅವ್ವಾ, ಯಾಕ ಬೇ?” ಎಂದರು ಹಿಂದಿನಿಂದ ಯಜಮಾನರು.

“ನೀ ಸುಮ್ಮಕಿರು. ಕೇಳಸವಲ್ದು.”

ಕಾಲು ಒತ್ತಿದೆ. ಗಾಡಿ ಹಾರಿತು, ಉಸಿರು ಬಿಟ್ಟಿತು, ಸೋತಿತು. ಅತ್ತೆ ಕಣ್ಣು ಮುಚ್ಚಿ, ಕಿವಿಯ ಮೇಲಿನ ಸೆರಗು ಸರಿಸಿ ಕೂತಿದ್ದರು. “ಎಡಗಡಿ. ಕೆಳಗ, ಗಾಲಿ ಮುಂದ. ಅಲ್ಲಿ ಉಸರ ಬಿಡಾಕತ್ತೈತಿ” ಎಂದು ಕಣ್ಣು ತೆರೆದು, “ಈಗ ನಡಿ, ಅಲ್ಲಿ ಆರತಿ ಹೊತ್ತಾಗತೈತಿ” ಎಂದರು.

ಮರುದಿನ ಅವರನ್ನೂ ಕರೆದುಕೊಂಡೇ ಮೂಡಲಗಿಗೆ ಹೋದೆ. ಮಿಸ್ತ್ರಿ ಎಡಗಡೆ ಗಾಲಿಯ ಮುಂದೆ, ಜಾಲರಿಗೆ ಕೂಡುವ ಕೊಳವೆಯನ್ನು ಹಿಡಿದು ಅಲುಗಿಸಿದರು. ಕೊಳವೆಗೆ ಹಾಕಿದ ಪಟ್ಟಿ ಸಡಿಲಾಗಿತ್ತು. ನಿಂತಾಗ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು; ಎಂಜಿನ್ನು ಜೋರಾಗಿ ಅಲುಗಿದಾಗ ಬಾಯಿ ಬಿಡುತ್ತಿತ್ತು. ಮಿಸ್ತ್ರಿ ನನ್ನತ್ತ ತಿರುಗಿ, “ಇದನ್ನ ಬಿಗದಂವ ಯಾವ ಮಿಸ್ತ್ರಿ ಅದಾನ್ರಿ?” ಎಂದು ಕೇಳಿದರು. ಒಂದು ಭಾನುವಾರ, ಮೊಬೈಲಿನಲ್ಲಿ ಯಾರೋ ಬಿಗಿಯುವುದನ್ನು ನೋಡಿಕೊಂಡು, ಅದನ್ನು ಬಿಚ್ಚಿ ಒರೆಸಿ ಬಿಗಿದವಳು ನಾನೇ. “ಗೋಕಾಕದಾಗ ಯಾರೋ ಒಬ್ಬರು” ಎಂದೆ. ಕಟ್ಟೆಯ ಮೇಲೆ ಬೇಳೆ ಆರಿಸುತ್ತ ಆ ಭಾನುವಾರ ಇಡೀ ನನ್ನನ್ನೇ ನೋಡುತ್ತಿದ್ದ ಅತ್ತೆ ಅಲ್ಲೇ ನಿಂತಿದ್ದರು. ಅವರು ಏನೂ ಹೇಳದೆ ರಸ್ತೆಯಲ್ಲಿ ಹೋಗುವ ಕುರಿಗಳನ್ನು ನೋಡತೊಡಗಿದರು. ಇಪ್ಪತ್ತಾರು ವರ್ಷದಲ್ಲಿ ಅವರ ಮೌನ ನನಗೆ ಇಷ್ಟು ಪ್ರಿಯವಾಗಿ ಕೇಳಿಸಿದ್ದು ಅದೇ ಮೊದಲು.

ಅಂದು ರಾತ್ರಿ ಊಟಕ್ಕೆ ಕೂತಾಗ, ಇಂಥ ಕಿವಿ ಎಲ್ಲಿಂದ ಬಂತೆಂದು ಕೇಳಿದೆ. ಅತ್ತೆ ರೊಟ್ಟಿ ಮುರಿಯುತ್ತ ನಿಧಾನವಾಗಿ ಹೇಳಿದರು. ಅವರ ಅಪ್ಪ ಚಕ್ಕಡಿ ಓಡಿಸುವ ಶರ್ಯತ್ತಿಗೆ ಎತ್ತು ಸಾಕುತ್ತಿದ್ದರಂತೆ. ಎತ್ತಿನ ಮೈ ತಿಕ್ಕುವುದು, ಮೇವು ಹಾಕುವುದು, ಗಾಲಿಗೆ ಎಣ್ಣೆ ಹಚ್ಚುವುದು ಎಲ್ಲವೂ ಈ ಹುಡುಗಿಯ ಕೆಲಸ. ಎತ್ತು ಉಸಿರಾಡುವ ರೀತಿ, ಗಾಲಿಯ ಸಪ್ಪಳ ಕೇಳಿ, ಯಾವುದು ದಣಿದಿದೆ, ಯಾವ ಗಾಲಿ ಬಿಗಿಯಾಗಿದೆ ಎಂದು ಹೇಳುತ್ತಿದ್ದರಂತೆ. ಅಪ್ಪ ಅದರಂತೆ ಗಾಡಿ ಸರಿಪಡಿಸುತ್ತಿದ್ದರಂತೆ.

“ಶರ್ಯತ್ತ ನೋಡಾಕ ಹೋಗತಿದ್ರೇನ್ರಿ?”

“ಹೆಣ್ಮಕ್ಕಳನ್ನ ಎಲ್ಲಿ ಬಿಡತಿದ್ರು. ಮಾಳಗಿ ಮ್ಯಾಲೆ ನಿಂತ ಕೇಳತಿದ್ನಿ. ಹತ್ತ ಗಾಡಿ ಓಡಿದ್ರೂ ನಮ್ಮ ಗಾಡಿ ಸಪ್ಪಳ ಬ್ಯಾರೇನ ಗೊತ್ತಾಗತಿತ್ತು.”

“ಒಮ್ಮೆರೆ ಹೊಡದಿದ್ರೇನ್ರಿ?”

“ಹಗ್ಗಾ ಹಿಡಕೊಂಡ ಹೊಳಿಗೆ ನಡಸ್ಕೊಂಡ ಹೋಗೇನಿ. ಕುಂತ ಹೊಡದಿಲ್ಲ.”

ಯಜಮಾನರು ಕೈಯಲ್ಲಿಯ ತುತ್ತು ಹಾಗೇ ಹಿಡಿದುಕೊಂಡಿದ್ದರು. “ಅವ್ವಾ, ನೀ ಇದನ್ನ ನನಗ ಯಾವತ್ತೂ ಹೇಳಿಲ್ಲಲ್ಲ” ಎಂದರು.

“ನೀ ಯಾವತ್ತ ಕೇಳಿದ್ದಿ?” ಎಂದರು ಅತ್ತೆ. ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ಕೆಲವು ದಿನಗಳ ನಂತರ, ಕಾರು ಒರೆಸುತ್ತಿದ್ದಾಗ ಕಟ್ಟೆಯಿಂದ ಒಂದು ಪ್ರಶ್ನೆ ಬಂತು. “ಇದನ್ನ ನಡಸಾಕ ಎರಡೂ ಕಾಲ ಬೇಕೇನ?”

“ಇಲ್ರಿ ಅತ್ತಿ. ಇದು ಗೇರ ತಾನ ಹಾಕ್ಕೋತೈತಿ. ಒಂದ ಕಾಲ ಸಾಕು, ಬಲಗಾಲ.”

ಅತ್ತೆ ಬಲಮೊಣಕಾಲನ್ನು ಸವರಿ ನೋಡಿಕೊಂಡರು. “ಅದು ಚೊಲೊ ಐತಿ. ಎಡದ್ದ ಅಷ್ಟ ಬ್ಯಾನಿ” ಎಂದು ಬೇಳೆಯತ್ತ ತಿರುಗಿದರು. ಅದು ಅರ್ಜಿ ಎಂದು ಅರ್ಥವಾಗಲು ನನಗೆ ಎರಡು ದಿನ ಬೇಕಾಯಿತು. ಮಕ್ಕಳಿಗೆ ‘ಪ್ರಶ್ನೆಯನ್ನು ಸರಿಯಾಗಿ ಓದಿ’ ಎಂದು ದಿನಾ ಹೇಳುವವಳು ನಾನು.

ಆದರೆ ನನ್ನ ಕಾರು ಆಗ ಎಂಥ ಸ್ಥಿತಿಯಲ್ಲಿತ್ತೆಂದರೆ, ಕಾಲ ಬೆರಳು ತಾಗಿದರೆ ಜಿಗಿಯುತ್ತಿತ್ತು. ಮೂರು ವರ್ಷ ಕಷ್ಟಪಟ್ಟು ಹಾಗೆ ಮಾಡಿದ್ದೆ. ನಾನೊಬ್ಬಳೇ ಮೂಡಲಗಿಗೆ ಹೋಗಿ, “ಬಲ ಕಡಿಮಿ ಮಾಡ್ರಿ” ಎಂದೆ. ಮಿಸ್ತ್ರಿ ತಪ್ಪು ಕೇಳಿಸಿತೆಂದು ಕನ್ನಡಕ ತೆಗೆದರು.

“ಎಲ್ಲಾರೂ ಹೆಚ್ಚ ಮಾಡ್ರಿ ಅಂತ ಬರ್ತಾರ್ರಿ. ಕಡಿಮಿ ಅಂದ್ರ ಎಷ್ಟ ಕಡಿಮಿ?”

“ಎಪ್ಪತ್ತೆಂಟ ವರ್ಷದವರು, ಮೊದಲನೇ ಸಲ ನಡಸೂವಷ್ಟು.”

ಮಿಸ್ತ್ರಿ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ, “ನಮ್ಮವ್ವನೂ ಒಮ್ಮೆ ಟ್ರ್ಯಾಕ್ಟರ ಮ್ಯಾಲೆ ಕುಂದರತೇನಿ ಅಂದಿದ್ಲರಿ. ನಾ ನಕ್ಕಬಿಟ್ಟೆ. ಮತ್ತ ಕೇಳಲಿಲ್ಲ ಆಕಿ” ಎಂದು ಲ್ಯಾಪ್‌ಟಾಪು ತೆರೆದರು. ಅಂದು ಬೇರೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಮಧ್ಯಾಹ್ನದವರೆಗೆ ಒಂದೊಂದೇ ಅಂಕಿ ಇಳಿಸಿ, ತಾವೇ ನಡೆಸಿ ನೋಡಿ, “ಇನ್ನೂ ಜಗ್ಗತೈತಿ” ಎಂದು ಮತ್ತೆ ಇಳಿಸಿದರು. ಗುಂಡಿಗಳನ್ನು ಅಂದು ಮೆಲ್ಲಗೆ ಒತ್ತಿದ ಹಾಗೆ ನನಗೆ ಕಂಡಿತು.

ಅವರ ಗ್ಯಾರೇಜಿನ ಹಿಂದೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ನಿಲ್ಲುವ ಖಾಸಗಿ ಬಯಲಿದೆ. ಹಂಗಾಮು ಮುಗಿದು ಖಾಲಿಯಿತ್ತು. ಯಜಮಾನರು ಲೈಸೆನ್ಸು, ವಯಸ್ಸು, ಬಿ.ಪಿ. ಎಂದು ಒಂದು ವಾರ ವಿರೋಧಿಸಿ, ಆ ದಿನ ರಜೆ ಹಾಕಿ ಬಂದರು. ಜೊತೆಗೆ ನೀರಿನ ಬಾಟಲಿ, ಗ್ಲುಕೋಸು, ಮಾತ್ರೆ ಮತ್ತು ಅಪಾಯವಾದರೆ ಬೀಸಲಿಕ್ಕೆ ಒಂದು ಕೆಂಪು ಟವೆಲ್ಲು ತಂದಿದ್ದರು. ಬೇವಿನ ಮರದ ಕೆಳಗೆ ಮಿಸ್ತ್ರಿಯ ಪಕ್ಕದಲ್ಲಿ ನಿಂತರು.

ಅತ್ತೆ ಚಪ್ಪಲಿ ಕಳಚಿಟ್ಟು, ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡು, ದಿಂಬಿನ ಮೇಲೆ ಕೂತರು. ನಾನು ಪಕ್ಕದಲ್ಲಿ ಹ್ಯಾಂಡ್‌ಬ್ರೇಕು ಹಿಡಿದು ಕೂತೆ. ಅವರು ಬ್ರೇಕಿನ ಮೇಲಿನ ಕಾಲು ಸಡಿಲಿಸಿದರು. ಗಾಡಿ ನಿಧಾನವಾಗಿ ಸರಿಯಿತು. “ಹೂಂ, ನಡಿಯಪ್ಪಾ. ಗಡಿಬಿಡಿ ಬ್ಯಾಡ. ಬಲಕ್ಕ, ಬಲಕ್ಕ, ಹಾಂ, ನನ್ನ ರಾಜಾ” ಎಂದು ಅವರು ಮಾತಾಡುತ್ತಲೇ ಇದ್ದರು. ನನ್ನ ಜೊತೆ ಇಪ್ಪತ್ತಾರು ವರ್ಷದಲ್ಲಿ ಆಡದಷ್ಟು ಮಾತನ್ನು ಆ ಗಾಡಿಯ ಜೊತೆ ಒಂದು ಸುತ್ತಿನಲ್ಲಿ ಆಡಿದರು. ಎರಡನೆಯ ಸುತ್ತಿನಲ್ಲಿ ನೋಡಿಕೊಂಡರೆ ನನ್ನ ಕೈ ಬ್ರೇಕಿನ ಮೇಲಿರಲಿಲ್ಲ, ತೊಡೆಯ ಮೇಲಿತ್ತು. ಮೂರನೆಯ ಸುತ್ತಿನಲ್ಲಿ ವೇಗದ ಮುಳ್ಳು ಇಪ್ಪತ್ತು ದಾಟಿತು. ಯಜಮಾನರು ಕೆಂಪು ಟವೆಲ್ಲು ಬೀಸುತ್ತ ಓಡಿ ಬಂದರು.

“ನೋಡ, ನನ್ನ ಮಗಾ ಶರ್ಯತ್ತಿನ ನಿಶಾನಿ ಬೀಸಾಕತ್ತಾನ” ಎಂದು ಅತ್ತೆ ಇನ್ನೂ ಸ್ವಲ್ಪ ಒತ್ತಿದರು.

ನಿಲ್ಲಿಸಿದ ಮೇಲೆ ಬಹಳ ಹೊತ್ತು ಇಳಿಯಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಎಂಜಿನ್ನು ಆರಿದ ಮೇಲೆ ಬರುವ ಟಿಕ್ ಟಿಕ್ ಸಪ್ಪಳವನ್ನು ಕೇಳುತ್ತ ಕೂತಿದ್ದರು. ಯಜಮಾನರು ಏದುಸಿರು ಬಿಡುತ್ತ ಬಂದು, ಅವ್ವನ ಮುಖ ನೋಡಿ, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. ಹಿಂದೆ ಹೋಗಿ, ಬಯಲಿನಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ತಂದು, ಬಗ್ಗಿ ಅವ್ವನ ಕಾಲ ಬಳಿ ಇಟ್ಟರು.

ಮುಂದಿನ ವಾರವೇ ಬಂದು ಮೊದಲಿನ ಬಲ ಹಾಕಿಸಿಕೊಳ್ಳುವುದೆಂದು ನಾನೂ ಮಿಸ್ತ್ರಿಯೂ ಮಾತಾಡಿಕೊಂಡಿದ್ದೆವು. ಆದರೆ ಮುಂದಿನ ಭಾನುವಾರ ಬೆಳಿಗ್ಗೆ ಅತ್ತೆ ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು, ಕಾರಿನ ಬಲಗಡೆ ಬಾಗಿಲ ಹತ್ತಿರ ನಿಂತಿದ್ದರು. ಅದರ ಮುಂದಿನ ಭಾನುವಾರವೂ. ಹಂಗಾಮು ಶುರುವಾಗಿ ಆ ಬಯಲು ತುಂಬಿದ ಮೇಲೆ ಮಿಸ್ತ್ರಿಯೇ ಇನ್ನೊಂದು ಬಯಲು ಹುಡುಕಿ ಕೊಟ್ಟರು. ಹೀಗಾಗಿ ಎಂಟು ತಿಂಗಳಿಂದ, ಊರಿಗೆಲ್ಲ ಕೇಳಿಸುವ ಸೈಲೆನ್ಸರು, ದೊಡ್ಡ ಜಾಲರಿ, ಹೊಸ ಫಿಲ್ಟರು ಎಲ್ಲ ಇಟ್ಟುಕೊಂಡು, ಎಪ್ಪತ್ತೆಂಟು ವರ್ಷದವರ ಮೊಣಕಾಲಿಗೆ ಹೊಂದಿಸಿದ ಗಾಡಿಯಲ್ಲಿ ನಾನು ಸಾಲೆಗೆ ಹೋಗಿಬರುತ್ತಿದ್ದೇನೆ. ಯಜಮಾನರು ಈಗ ವಾರಕ್ಕೆರಡು ದಿನ ಹುಕ್ಕೇರಿಗೆ ನನ್ನ ಜೊತೆಗೇ ಬರುತ್ತಾರೆ, ದಾರಿಯಲ್ಲಿ ಪೇಪರು ಓದುತ್ತಾರೆ.

ಮೊನ್ನೆ ಘಟಪ್ರಭಾ ರಸ್ತೆಯಲ್ಲಿ ಖಾಲಿ ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರೊಂದು ಹಿಂದಿನಿಂದ ಹಾರ್ನು ಹೊಡೆದು, ನನ್ನ ಸಮಕ್ಕೆ ಬಂತು. ಓಡಿಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಗಾಳಿಯ ಒತ್ತಡದ ಪಾಠದಲ್ಲಿ ಎರಡು ಸಲ ನಪಾಸಾದವನು. ಬಗ್ಗಿ ನೋಡಿ, ಬಹಳ ಕಾಳಜಿಯಿಂದ, “ಅಕ್ಕಾರ, ಗಾಡಿ ಕೆಟ್ಟೈತೇನ್ರಿ? ಹಗ್ಗಾ ಐತಿ, ಜಗ್ಗಿಕೊಂಡ ಹೋಗ್ಲೇನ್ರಿ?” ಎಂದು ಕೇಳಿದ.

“ಇಲ್ಲಪಾ, ಎಲ್ಲಾ ಬರೋಬ್ಬರಿ ಐತಿ” ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಘಟಪ್ರಭಾ ಬರುವವರೆಗೂ ಅವನು ತನ್ನ ಟ್ರ್ಯಾಕ್ಟರನ್ನು ನಿಧಾನ ಮಾಡಿಕೊಂಡು, ಆಗಾಗ ಹಿಂತಿರುಗಿ ನೋಡುತ್ತ, ನನ್ನ ಟರ್ಬೊ ಕಾರಿಗೆ ಬೆಂಗಾವಲಾಗಿ ಹೋದ.