ಹೋಲಿಕೆಗಾಗಿ ಇಟ್ಟ ಬೀದಿ

ಎಡಬೀದಿಗೆ ನಲ್ಲಿ ಹಾಕಬಾರದು ಎಂಬ ನಿರ್ಧಾರವನ್ನು ಸಂಪೂರ್ಣ ವೈಜ್ಞಾನಿಕವಾಗಿ ಕೈಗೊಳ್ಳಲಾಯಿತು. ಇದರಲ್ಲಿ ಯಾರ ಹೊಟ್ಟೆಕಿಚ್ಚೂ ಇರಲಿಲ್ಲ, ಯಾರ ಶಿಫಾರಸೂ ಇರಲಿಲ್ಲ. ಆಮೇಲೆ ಆಡಿಕೊಳ್ಳುವವರು ಆಡಿಕೊಂಡಾರು ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗುಡ್ಡದ ಮೇಲೆ ಎರಡು ಬೀದಿಗಳಿದ್ದವು. ಕಲ್ಲುಮೆಟ್ಟಿಲಿನ ಎಡಕ್ಕೊಂದು, ಬಲಕ್ಕೊಂದು. ಎರಡರಲ್ಲೂ ಹದಿನೆಂಟು ಹದಿನೆಂಟು ಮನೆ. ಎರಡೂ ಬೀದಿಯವರು ನೂರಹನ್ನೆರಡು ಮೆಟ್ಟಿಲು ಇಳಿದು, ಗುಡ್ಡದ ಬುಡದ ತೊಟ್ಟಿಯಲ್ಲಿ ಕೊಡ ತುಂಬಿಕೊಂಡು, ಅಷ್ಟೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಇಷ್ಟೊಂದು ಸಮಾನವಾದ ಕಷ್ಟ ಒಂದೇ ಕಡೆ ಸಿಗುವುದು ಅಪರೂಪವೆಂದು ಸರ್ವದೇಶ ನೆಮ್ಮದಿ ಸಂಸ್ಥೆಯವರು ಬಹಳ ಸಂತೋಷಪಟ್ಟರು. ಎರಡೂ ಬೀದಿಗೆ ನಲ್ಲಿ ಹಾಕುವಷ್ಟು ಪೈಪು ಅವರ ಗೋದಾಮಿನಲ್ಲೇ ಬಿದ್ದಿತ್ತು. ಆದರೆ ಇಬ್ಬರಿಗೂ ಕೊಟ್ಟುಬಿಟ್ಟರೆ ನಲ್ಲಿಯಿಂದ ಒಳ್ಳೆಯದಾಯಿತು ಎಂದು ಗೊತ್ತಾಗುವುದು ಹೇಗೆ? ಮನೆ ಬಾಗಿಲಿಗೆ ನೀರು ಬಂದರೆ ಮನುಷ್ಯನಿಗೆ ಅನುಕೂಲ ಎಂಬುದು ಆಗಿನ್ನೂ ಸಾಬೀತಾಗಿರಲಿಲ್ಲ. ಆದ್ದರಿಂದ ಒಂದು ಬೀದಿಗೆ ನಲ್ಲಿ ಕೊಡುವುದು, ಇನ್ನೊಂದನ್ನು ಹೋಲಿಕೆಗಾಗಿ ಹಾಗೇ ಇಡುವುದು ಎಂದಾಯಿತು. ಎರಡು ವರ್ಷ ಕಳೆದು ಫಲಿತಾಂಶ ಬಂದಮೇಲೆ ಉಳಿದ ಬೀದಿಗೂ ನಲ್ಲಿ.

ಈ ಕೆಲಸದ ಹೊಣೆ ಸೂಚ್ಯಂಕ ಮೇಡಂ ಅವರದು. ಮೇಡಂಗೆ ಅರ್ಥಶಾಸ್ತ್ರದಲ್ಲೊಂದು ಡಿಗ್ರಿ, ಮಾಹಿತಿ ವ್ಯವಸ್ಥೆಯಲ್ಲಿ ಇನ್ನೊಂದು. ಕಚೇರಿಯ ಅರ್ಥಶಾಸ್ತ್ರಜ್ಞರಿಗೆ ಪ್ರಿಂಟರ್ ಕೈಕೊಟ್ಟರೆ ಮೇಡಂ ಬೇಕು, ಕಂಪ್ಯೂಟರಿನವರಿಗೆ ಈರುಳ್ಳಿ ಯಾಕೆ ತುಟ್ಟಿಯಾಯಿತು ಎಂಬ ಅನುಮಾನ ಬಂದರೂ ಮೇಡಮ್ಮೇ ಬೇಕು. ಜನರ ನೆಮ್ಮದಿಯನ್ನು ಒಂದರಿಂದ ಐದರೊಳಗೆ ಅಳೆದು, ಪರದೆಯ ಮೇಲೆ ಹಸಿರು ಕೆಂಪು ಬಣ್ಣದಲ್ಲಿ ತೋರಿಸುವ ವ್ಯವಸ್ಥೆಯನ್ನು ಅವರು ಒಬ್ಬರೇ ಕೂತು ಕಟ್ಟಿದ್ದರು. ಯಾವ ಬೀದಿಗೆ ನಲ್ಲಿ ಎಂದು ಚೀಟಿ ಎತ್ತುವ ಕಂಪ್ಯೂಟರ್ ಪ್ರೋಗ್ರಾಮೂ ಅವರದೇ. ‘ಒಮ್ಮೆ ಎತ್ತಿದ ಚೀಟಿಯನ್ನು ಯಾರೂ, ಎತ್ತಿದವರೂ ಸೇರಿದಂತೆ, ಬದಲಾಯಿಸತಕ್ಕದ್ದಲ್ಲ’ ಎಂಬ ಒಂಬತ್ತನೇ ನಿಯಮ ಬರೆದವರೂ ಅವರೇ.

ಎಲ್ಲರ ಎದುರಿಗೆ ಮೇಡಂ ಗುಂಡಿ ಒತ್ತಿದರು. ಬಲಬೀದಿಗೆ ನಲ್ಲಿ ಬಂತು. ಎಡಬೀದಿಯ ಮೂರನೇ ಮನೆಯಲ್ಲಿ ಮೇಡಂ ಅವರ ದೊಡ್ಡಮ್ಮ ಇದ್ದರು. ತಾಯಿ ತೀರಿಕೊಂಡ ಮೇಲೆ ಮೇಡಂ ಅವರನ್ನು ಎತ್ತಿ ಆಡಿಸಿ, ಎರಡೂ ಡಿಗ್ರಿ ಓದಿಸಿದ ದೊಡ್ಡಮ್ಮ. ಈಗ ಮಂಡಿ ಊದಿಕೊಂಡು, ಮೆಟ್ಟಿಲು ಹತ್ತುವಾಗ ಹತ್ತು ಹತ್ತಕ್ಕೊಮ್ಮೆ ಕೂತು ಏಳುತ್ತಿದ್ದರು.

ಸಂಜೆ ಮೇಡಂ ಸುದ್ದಿ ಹೇಳಲು ಹೋದರು.

“ಬಲಬೀದಿಯವರಿಗೆ ಯಾಕೆ? ಅವರೇನು ನಮಗಿಂತ ಮೇಲಾ?” ಎಂದರು ದೊಡ್ಡಮ್ಮ.

“ಮೇಲು ಕೀಳು ಅಂತಲ್ಲ ದೊಡ್ಡಮ್ಮ, ಚೀಟಿ ಹಾಗೆ ಬಿತ್ತು. ನೀವು ಹೋಲಿಕೆ.”

“ಹಂಗಂದ್ರೆ?”

“ನಿಮಗೆ ನಾವು ಏನೂ ಮಾಡಲ್ಲ. ಏನೂ ಮಾಡದೇ ಇದ್ರೆ ಏನಾಗುತ್ತೆ ಅಂತ ನೋಡ್ತೀವಿ.”

“ಇಷ್ಟು ವರ್ಷ ಎಲ್ರೂ ಅದನ್ನೇ ಅಲ್ವೇನೇ ಪುಟ್ಟಿ ಮಾಡ್ತಾ ಬಂದಿರೋದು?”

“ಮಾಡ್ತಿದ್ರು. ಆದ್ರೆ ಯಾರೂ ಬರ್ಕೊಳ್ತಿರಲಿಲ್ಲ. ಈಗ ಬರ್ಕೊಳ್ತೀವಿ.”

“ಹೋಗ್ಲಿ ಬಿಡು, ಎರಡು ವರ್ಷ ತಾನೇ. ಅಲ್ಲಿವರೆಗೂ ಮಂಡಿಗೆ ಹೇಳಿ ನೋಡ್ತೀನಿ” ಎಂದು ದೊಡ್ಡಮ್ಮ ಚಹಾ ಇಟ್ಟರು. ಆ ಲೋಟ ಚಹಾದ ನೀರು ಎಲ್ಲಿಂದ ಬಂತೆಂದು ನೆನೆದು ಮೇಡಂ ಒಂದು ತೊಟ್ಟೂ ಬಿಡದೆ ಕುಡಿದರು. ಎರಡು ವರ್ಷ ಕಣ್ಣು ಮುಚ್ಚಿ ಬಿಡುವುದರೊಳಗೆ ಕಳೆಯುತ್ತದೆ, ನಲ್ಲಿ ಹಾಕಿಸಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡರು.

ಮಾರನೆಯ ವಾರ ಎಡಬೀದಿಯ ಬಾಯಲ್ಲಿ ಒಂದು ಫಲಕ ನೆಟ್ಟರು. ‘ಪ್ರಕಟಣೆ. ಈ ಬೀದಿಯಲ್ಲಿ ಯಾವುದೇ ರೀತಿಯ ಅಭಿವೃದ್ಧಿಯನ್ನು ನಿಷೇಧಿಸಲಾಗಿದೆ. ನಿವಾಸಿಗಳು ಎಂದಿನಂತೆ ಇರಲು ಕೋರಲಾಗಿದೆ.’ ಬೀದಿಯ ಕೊನೆಮನೆಯ ಗಾರೆಯವನಿಗೆ ಓದಲು ಬರುತ್ತಿರಲಿಲ್ಲ. ಮುದುಕರು ಹಿಡಿದುಕೊಂಡು ಹತ್ತಲಿ ಎಂದು ಅವನು ಮೆಟ್ಟಿಲಿನ ಪಕ್ಕ ಕಬ್ಬಿಣದ ಕಂಬಿ ನಿಲ್ಲಿಸಿಬಿಟ್ಟ. ಎರಡೇ ದಿನದಲ್ಲಿ ಸಂಸ್ಥೆಯ ಜೀಪು ಬಂತು. ಇಬ್ಬರು ಎಂಜಿನಿಯರುಗಳು, ನಾಲ್ವರು ಕೆಲಸಗಾರರು, ಒಂದು ವೆಲ್ಡಿಂಗ್ ಯಂತ್ರ. ಆ ಬೀದಿ ಹುಟ್ಟಿದಾಗಿನಿಂದ ಇಷ್ಟು ಚುರುಕಾಗಿ ಯಾವ ಕೆಲಸವೂ ನಡೆದಿರಲಿಲ್ಲ. ಕಂಬಿ ಕಿತ್ತು, ಜಾಗ ಮೊದಲಿನಷ್ಟೇ ಹಾಳಾಗಿದೆಯೇ ಎಂದು ಫೋಟೊ ಹಿಡಿದು ನೋಡಿ, ಗಾರೆಯವನ ಕೈಲಿ ‘ಇನ್ನು ಮುಂದೆ ಉಪಕಾರ ಮಾಡುವುದಿಲ್ಲ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು.

ಪ್ರತಿ ತಿಂಗಳೂ ಎರಡೂ ಬೀದಿಗೆ ಟ್ಯಾಬ್ ಮಾಸ್ತರು ಬರುತ್ತಿದ್ದರು. ನಿವೃತ್ತ ಶಾಲಾ ಮಾಸ್ತರು. ಕೈಯಲ್ಲಿ ಸಂಸ್ಥೆಯ ಟ್ಯಾಬು, ಅದರಲ್ಲಿ ನಲವತ್ತಮೂರು ಪ್ರಶ್ನೆ. ‘ನಿಮ್ಮ ನಿದ್ದೆ ಹೇಗಿದೆ? ನಿಮ್ಮ ಮಂಡಿ ಹೇಗಿದೆ? ನೆರೆಯವರು ಹೇಗಿದ್ದಾರೆ?’ ಒಂದು ಎಂದರೆ ಬಹಳ ಕಷ್ಟ, ಐದು ಎಂದರೆ ಬಹಳ ಚೆನ್ನ. ಉತ್ತರ ಒತ್ತಿದ ಕೂಡಲೇ ಅದು ಸಮುದ್ರದಾಚೆಯ ಮುಖ್ಯ ಕಚೇರಿಯ ಪರದೆಯ ಮೇಲೆ ಹೋಗಿ ಬೀಳುತ್ತಿತ್ತು.

ಬಲಬೀದಿಯಲ್ಲಿ ನಲ್ಲಿ ಬಂದ ದಿನವೇ ಅಲ್ಲಿನ ದರ್ಜಿ ಎಲ್ಲರನ್ನೂ ಕೂರಿಸಿಕೊಂಡು ಬುದ್ಧಿ ಹೇಳಿದ್ದ. “ಚೆನ್ನಾಗಿದೆ ಅಂದ್ರೋ, ಮುಗೀತು. ಗಂಟುಮೂಟೆ ಕಟ್ಕೊಂಡು ಹೊರಟುಹೋಗ್ತಾರೆ. ಗೋಳು ಹೇಳಿ. ನಾಳೆ ಚರಂಡಿ ಬರುತ್ತೆ, ನಾಳಿದ್ದು ದೀಪದ ಕಂಬ ಬರುತ್ತೆ.” ಅಂದಿನಿಂದ ಬಲಬೀದಿಯ ಹೆಂಗಸರು ಅಂಗಳದ ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಲೇ, ಸೆರಗಿನಿಂದ ಕಣ್ಣೊರೆಸಿಕೊಂಡು, “ಏನು ಹೇಳೋದು ಮಾಸ್ತರೆ, ಒಂದು ಹಾಕಿ” ಎನ್ನುತ್ತಿದ್ದರು. ನೀರು ಸುರಿಯುವ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ದರ್ಜಿ ಸ್ವತಃ ಬರೆಸಿದ್ದ.

ಎಡಬೀದಿಯಲ್ಲಿ ಬುದ್ಧಿ ಹೇಳಿದವರು ದೊಡ್ಡಮ್ಮ. ಹದಿನೆಂಟು ಮನೆಗೂ ಕುಂಟುತ್ತಾ ಹೋಗಿ ಹೇಳಿ ಬಂದರು. “ನೋಡ್ರಮ್ಮ, ಇದು ನಮ್ಮ ಪುಟ್ಟಿ ನಡೆಸ್ತಿರೋ ಕೆಲಸ. ಬಂದವರ ಮುಂದೆ ಅಳ್ತಾ ಕೂತು ಹುಡುಗಿ ಹೆಸರು ಕೆಡಿಸಬೇಡಿ. ಏನು ಕೇಳಿದ್ರೂ ಐದು ಅನ್ನಿ.” ಎಡಬೀದಿಯವರು ಮಾತಿಗೆ ತಪ್ಪುವ ಪೈಕಿಯವರಲ್ಲ. ಜ್ವರ ಬಂದು ಮಲಗಿದ್ದವರೂ ಕಂಬಳಿಯೊಳಗಿಂದ ಐದು ಬೆರಳು ತೋರಿಸಿದರು. ತೊಟ್ಟಿಯ ಹತ್ತಿರ ಜಾರಿ ಬಿದ್ದು ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಅಗಸರವಳು, ಇನ್ನೊಂದು ಕೈಯಲ್ಲಿ ತೋರಿಸಿದಳು. ಇದು ಮೇಡಂಗೆ ತಿಳಿಯಲಿಲ್ಲ. ತಿಳಿಯುವ ಹಾಗೂ ಇರಲಿಲ್ಲ, ಏಕೆಂದರೆ ಅಧ್ಯಯನ ನಡೆಯುವಾಗ ನೆಂಟರ ಮನೆಗೆ ಹೋಗಬಾರದು ಎಂಬ ಹನ್ನೊಂದನೇ ನಿಯಮವೂ ಮೇಡಂ ಅವರದೇ.

ಎರಡು ವರ್ಷ ತುಂಬಿತು. ಸಭಾಂಗಣದ ಪರದೆಯ ಮೇಲೆ ಫಲಿತಾಂಶ ಬಂತು. ನಲ್ಲಿ ಬಂದ ಬಲಬೀದಿ ಕೆಂಪಗೆ ಉರಿಯುತ್ತಿತ್ತು. ನಲ್ಲಿ ಇಲ್ಲದ ಎಡಬೀದಿ ಹಸಿರೋ ಹಸಿರು.

“ಸರ್, ಎಲ್ಲೋ ಏನೋ ತಪ್ಪಾಗಿದೆ” ಎಂದರು ಮೇಡಂ.

“ತಪ್ಪೇ? ವ್ಯವಸ್ಥೆ ನಿಮ್ಮದೇ ಅಲ್ವೇ?” ಎಂದರು ನಿರ್ದೇಶಕರು. “ಎರಡು ವರ್ಷ ಒಂದು ಸಲಾನೂ ಕೈಕೊಟ್ಟಿಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಿ.”

ಮುಖ್ಯ ಕಚೇರಿಯ ತಜ್ಞರು ವಿಮಾನದಲ್ಲಿ ಬಂದು, ಗುಡ್ಡವನ್ನು ಕೆಳಗಿನಿಂದಲೇ ನೋಡಿ, ವಿವರಣೆ ಕೊಟ್ಟರು. ಮೆಟ್ಟಿಲು ಹತ್ತುವುದರಿಂದ ವ್ಯಾಯಾಮ. ತೊಟ್ಟಿಯ ಸಾಲಿನಲ್ಲಿ ನಿಲ್ಲುವುದರಿಂದ ಸ್ನೇಹ. ಕೊಡ ಹೊರುವುದರಿಂದ ಬೆನ್ನು ನೆಟ್ಟಗೆ. ನಲ್ಲಿ ಬಂದವರ ಮನೆಯಲ್ಲಿ ಇವು ಮೂರೂ ಹಾಳಾಗಿವೆ. ನಲ್ಲಿ ಹಾಕುವುದಕ್ಕಿಂತ ಹಾಕದಿರುವುದು ಸುಲಭವೂ ಹೌದು ಎಂದು ತಜ್ಞರು ಸೇರಿಸಿದಾಗ ಸಭೆ ಎದ್ದುನಿಂತು ಚಪ್ಪಾಳೆ ಹೊಡೆಯಿತು.

ಹೀಗೆ ‘ನಲ್ಲಿರಹಿತ ನೆಮ್ಮದಿ ಯೋಜನೆ’ ಹುಟ್ಟಿತು. ಮೊದಲ ಹಂತದಲ್ಲಿ ನಲವತ್ತು ಊರುಗಳಲ್ಲಿ ನಲ್ಲಿ ಹಾಕದಿರಲು ತೀರ್ಮಾನವಾಯಿತು. ಪ್ರತಿ ಊರಿಗೂ ನಲ್ಲಿ ಹಾಕದಿರುವ ಎಂಜಿನಿಯರ್ ಒಬ್ಬರು, ಹಾಕಿಲ್ಲವೆಂದು ಪರಿಶೀಲಿಸುವ ಅಧಿಕಾರಿ ಒಬ್ಬರು, ಇಬ್ಬರಿಗೂ ಒಂದೊಂದು ಜೀಪು. ಬಲಬೀದಿಯವರ ಸಂಕಟ ನೋಡಲಾರದೆ ಅವರ ನಲ್ಲಿಗಳನ್ನು ಕೂಡಲೇ ಕಿತ್ತು ಅವರನ್ನು ಪಾರು ಮಾಡಬೇಕೆಂದೂ ಆದೇಶವಾಯಿತು. ಮೇಡಂ ಅವರಿಗೆ ಉಪನಿರ್ದೇಶಕಿಯಾಗಿ ಬಡ್ತಿ ಸಿಕ್ಕಿತು.

ಬಡ್ತಿಯ ಕಾಗದವನ್ನು ಬ್ಯಾಗಿನಲ್ಲಿ ತುರುಕಿಕೊಂಡು ಮೇಡಂ ಓಡಿದ್ದು ಎಡಬೀದಿಗೆ. ಎರಡು ವರ್ಷದಲ್ಲಿ ದೊಡ್ಡಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದರು. ಮಂಡಿಗೆ ಬಟ್ಟೆ ಸುತ್ತಿಕೊಂಡು ಗೋಡೆ ಹಿಡಿದು ಬಾಗಿಲು ತೆರೆದರು.

“ನಲ್ಲಿ ಯಾವಾಗ ಹಾಕ್ತಾರೆ ಪುಟ್ಟಿ?”

ಮೇಡಂ ಅದಕ್ಕೆ ಉತ್ತರ ಕೊಡದೆ, “ಮಾಸ್ತರು ಕೇಳಿದಾಗ ಮಂಡಿ ಹೇಗಿದೆ ಅಂತ ಹೇಳಿದ್ದೆ ದೊಡ್ಡಮ್ಮ?” ಎಂದರು.

“ಐದು ಅಂದೆ. ಬೀದಿಯವರಿಗೆಲ್ಲ ಹೇಳಿಕೊಟ್ಟಿದ್ದೆ. ಒಬ್ಬರಾದ್ರೂ ನಾಲ್ಕು ಅಂದಿದ್ರೆ ಕೇಳು!” ಎಂದು ದೊಡ್ಡಮ್ಮ ಹೆಮ್ಮೆಯಿಂದ ನಕ್ಕರು.

“ಅಯ್ಯೋ ದೊಡ್ಡಮ್ಮ! ಯಾಕೆ ಹಾಗೆ ಮಾಡಿದೆ?”

“ಮಗು ಪರೀಕ್ಷೆಗೆ ಕೂತಿರುವಾಗ ಮನೆಯವರು ಗಲಾಟೆ ಮಾಡ್ತಾರೇನೇ?”

ಮೇಡಂಗೆ ಕೋಪ ಬಂತು, ಆಮೇಲೆ ಅಳು ಬಂತು. ದೊಡ್ಡಮ್ಮನ ಮಂಡಿಯ ಮೇಲೆ ಕೈಯಿಟ್ಟರು. ಮಂಡಿ ಬಿಸಿಯಾಗಿತ್ತು.

ಬೆಳಿಗ್ಗೆ ನಿರ್ದೇಶಕರ ಮುಂದೆ ನಿಂತು ಇದ್ದದ್ದನ್ನು ಇದ್ದಹಾಗೆ ಹೇಳಿದರು. ನಿರ್ದೇಶಕರು ಕನ್ನಡಕ ಒರೆಸಿಕೊಂಡು ಶಾಂತವಾಗಿ ಕೇಳಿದರು.

“ಎಡಬೀದಿಯವರು ಹೇಳಿದ್ದು ನಿಜವಾದ್ರೆ ಅವರಿಗೆ ನಲ್ಲಿ ಬೇಕಾಗಿಲ್ಲ. ಸುಳ್ಳಾದ್ರೆ, ಸುಳ್ಳು ಹೇಳಿದ ಬೀದಿಗೆ ಐದು ವರ್ಷ ಯಾವ ಸೌಲಭ್ಯವೂ ಇಲ್ಲ, ಅದು ಹದಿನೇಳನೇ ನಿಯಮ. ಯಾವುದು ಬರ್ಕೊಳ್ಳಲಿ ಹೇಳಿ.”

“ಸರ್, ಅವರು ನನಗೋಸ್ಕರ ಹೇಳಿದ್ದು.”

“ಪ್ರೀತಿಯಿಂದ ಹೇಳಿದ ಉತ್ತರ ಅಂತ ನಿಮ್ಮ ಫಾರಂನಲ್ಲಿ ಕಾಲಂ ಇದೆಯಾ ಮೇಡಂ?”

ಇರಲಿಲ್ಲ. ಕೊನೆಗೆ ನಿರ್ದೇಶಕರ ಮನಸ್ಸೂ ಸ್ವಲ್ಪ ಕರಗಿತು. ಈ ತಿಂಗಳ ಸಮೀಕ್ಷೆ ಇನ್ನೂ ಬಾಕಿ ಇದೆ; ಎಡಬೀದಿಯವರು ಈ ಸಲ ತಮ್ಮ ನಿಜವಾದ ಕಷ್ಟ ಹೇಳಲಿ, ಅಂಕ ಇಳಿದರೆ ಆಗ ನೋಡೋಣ ಎಂದರು. ಮೇಡಂಗೆ ಹೋದ ಜೀವ ಬಂದಂತಾಯಿತು. ಹದಿನೆಂಟು ಮನೆಗೂ ತಾವೇ ಹೋಗಿ, “ಇದ್ದದ್ದು ಇದ್ದಹಾಗೆ ಹೇಳಿ, ದಮ್ಮಯ್ಯ ಅಂತೀನಿ” ಎಂದು ಕೈಮುಗಿದು ಬಂದರು.

ಸಮೀಕ್ಷೆಯ ದಿನ ಮೇಡಂ ದೊಡ್ಡಮ್ಮನ ಪಕ್ಕದಲ್ಲೇ ಕೂತರು. ಮಾಸ್ತರು ಕೇಳಿದರು, “ನಿಮ್ಮ ಮಂಡಿ ಹೇಗಿದೆ?”

ದೊಡ್ಡಮ್ಮ ಒಮ್ಮೆ ಮೇಡಂ ಮುಖ ನೋಡಿ, ಧೈರ್ಯ ತಂದುಕೊಂಡು, “ಸಾಕಾಗಿಹೋಗಿದೆ ಮಾಸ್ತರೆ. ರಾತ್ರಿಯಿಡೀ ನೋವು. ನೀರು ತಂದ ದಿನ ಅಡುಗೆ ಮಾಡಕ್ಕಾಗಲ್ಲ, ಅಡುಗೆ ಮಾಡಿದ ದಿನ ನೀರು ತರಕ್ಕಾಗಲ್ಲ. ಒಂದು ಹಾಕಿ” ಎಂದರು.

ಮಾಸ್ತರು ಒತ್ತಿದರು. ಟ್ಯಾಬು ಕೆಂಪಗಾಗಿ ಕಿರ್ರ್ ಎಂದಿತು. ‘ಹಿಂದಿನ ಇಪ್ಪತ್ತನಾಲ್ಕು ಉತ್ತರಗಳಿಗೆ ಈ ಉತ್ತರ ಹೊಂದುವುದಿಲ್ಲ. ಕಾರಣ ಆರಿಸಿ: ಪ್ರವಾಹ, ಯುದ್ಧ, ಉತ್ತರದಾರರ ಮರಣ.’

“ಇದನ್ನ ಯಾರಪ್ಪ ಹಾಕಿದ್ದು?” ಎಂದರು ಮಾಸ್ತರು.

“ನಾನು” ಎಂದರು ಮೇಡಂ, ನೆಲ ನೋಡುತ್ತಾ. “ಜನ ಸುಳ್ಳು ಹೇಳಬಾರದು ಅಂತ.”

“ಅಜ್ಜಿ, ಮೂರರಲ್ಲಿ ಯಾವುದಾದ್ರೂ ಆಗಿದೆಯಾ?”

“ಮೂರನೇದಕ್ಕೆ ಇನ್ನೂ ಸ್ವಲ್ಪ ಟೈಮಿದೆ” ಎಂದರು ದೊಡ್ಡಮ್ಮ.

“ಹಾಗಾದ್ರೆ ಇದು ಮುಂದಕ್ಕೇ ಹೋಗ್ತಿಲ್ವಲ್ಲ ಮೇಡಂ, ಏನ್ ಮಾಡ್ಲಿ?”

ಮೇಡಂ ಅವರ ಕಿವಿ ಕೆಂಪಗಾಗಿತ್ತು, ಕಣ್ಣು ತುಂಬಿತ್ತು. ದೊಡ್ಡಮ್ಮ ಅದನ್ನು ನೋಡಿದರು. ಆ ಮುಖವನ್ನು ಅವರು ಪುಟ್ಟಿ ಮಗುವಾಗಿದ್ದಾಗಿನಿಂದ ನೋಡಿದವರು.

“ಐದೇ ಹಾಕ್ಬಿಡಿ ಮಾಸ್ತರೆ. ಹುಡುಗಿಗೆ ಸಂಕಟ ಆಗ್ತಿದೆ” ಎಂದರು. ಟ್ಯಾಬು ಹಸಿರಾಗಿ, ‘ಸತ್ಯ ನುಡಿದಿದ್ದಕ್ಕೆ ಧನ್ಯವಾದಗಳು’ ಎಂದಿತು. ಉಳಿದ ಹದಿನೇಳು ಮನೆಯಲ್ಲೂ ಹೀಗೇ ಆಯಿತು.

ಮೇಡಂ ಎದ್ದು ಮೂಲೆಯಲ್ಲಿದ್ದ ಕೊಡ ತೆಗೆದುಕೊಂಡರು. ಉಪನಿರ್ದೇಶಕಿ ಕೊಡ ಹಿಡಿದು ಮೆಟ್ಟಿಲಿಳಿಯುವುದನ್ನು ಕಂಡು ಯಾರೂ ಬೆರಗಾಗಲಿಲ್ಲ. ಕೆಳಗೆ ಸಾಲಿನಲ್ಲಿ ಬಲಬೀದಿಯವರೂ ಇದ್ದರು, ಅವರ ನಲ್ಲಿಗಳನ್ನು ಹಿಂದಿನ ದಿನವೇ ಕಿತ್ತಿದ್ದರು. ದರ್ಜಿ ಎರಡು ಕೊಡ ಹಿಡಿದು ನಿಂತಿದ್ದ. “ಈಗ ಏನೇ ಕೇಳಿದ್ರೂ ಚೆನ್ನಾಗಿದೆ ಅಂತೀವಿ ಮೇಡಂ. ಇರೋ ತೊಟ್ಟಿನೂ ಕಿತ್ಕೊಂಡು ಹೋದ್ರೆ ಏನ್ ಗತಿ?” ಎಂದ. ಎಲ್ಲರೂ ಹೌದು ಹೌದು ಎಂದರು.

ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಮೇಡಂ ಹತ್ತತೊಡಗಿದರು. ಅರವತ್ತನೇ ಮೆಟ್ಟಿಲಿಗೆ ಉಸಿರು ಕಟ್ಟಿ ಕೂತುಬಿಟ್ಟರು. ಅಷ್ಟರಲ್ಲಿ ಮಾಸ್ತರು ಇಳಿದು ಬಂದರು.

“ತಪ್ಪು ತಿಳೀಬೇಡಿ ಮೇಡಂ. ನೀರು ಹೊರೋರು ಯಾರೇ ಸಿಕ್ಕಿದ್ರೂ ಕೇಳ್ಬೇಕು ಅಂತ ರೂಲ್ಸು. ಮೆಟ್ಟಿಲು ಹತ್ತಿ ನೀರು ತರೋದು ನಿಮಗೆ ಹೇಗನ್ನಿಸುತ್ತೆ?”

ಮೇಲೆ ಬಾಗಿಲಲ್ಲಿ ದೊಡ್ಡಮ್ಮ ಗೋಡೆಗೊರಗಿ ನಿಂತು ಇತ್ತಲೇ ನೋಡುತ್ತಿದ್ದರು. ಮೇಡಂ ಹಣೆಯ ಬೆವರು ಒರೆಸಿಕೊಂಡರು.

“ಬಹಳ ಚೆನ್ನಾಗಿದೆ, ಬರ್ಕೊಳ್ಳಿ” ಎಂದರು. ಆಮೇಲೆ, “ಹಾಗೇ ಈ ಕೊಡಕ್ಕೆ ಒಂದು ಕೈ ಕೊಡ್ತೀರಾ ಮಾಸ್ತರೆ?” ಎಂದು ಕೇಳಿದರು.

ಮಾಸ್ತರು ಬೀದಿಯ ಬಾಯಲ್ಲಿದ್ದ ಫಲಕದ ಕಡೆ ನೋಡಿ, ಈ ಬೀದಿಯಲ್ಲಿ ಉಪಕಾರಕ್ಕೆ ಅನುಮತಿ ಇಲ್ಲವೆಂದು ವಿನಯದಿಂದ ತಿಳಿಸಿ, ಇಳಿದು ಹೋದರು.