ಹೊಗೆಯ ಬಣ್ಣದ ಕುರಿತು ಒಂದು ತಕರಾರು

ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನೊಬ್ಬನನ್ನು ಮನೆಯಲ್ಲಿ ಇಟ್ಟುಕೊಂಡು ಬಾಳುವುದು ಬಹಳ ಕಷ್ಟ. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ಆ ಮನೆ ನಮ್ಮದು, ಆ ಒಬ್ಬ ನಾನು. ಮೂಡುಬಿದಿರೆಯಲ್ಲಿ ಕಾಲೇಜು ಓದುವಾಗ ‘ಯಂತ್ರ ಮನುಷ್ಯನ ಮಿತ್ರ’ ಎಂದು ಬೆಳ್ತಂಗಡಿಯಲ್ಲಿ ಸಾಧಿಸಿ, ಅದೇ ವಾರ ಬಂಟ್ವಾಳದಲ್ಲಿ ‘ಯಂತ್ರ ಮನುಷ್ಯನ ಶತ್ರು’ ಎಂದು ಅಷ್ಟೇ ಗಟ್ಟಿಯಾಗಿ ಸಾಧಿಸಿ, ಎರಡು ಕಡೆಯಿಂದಲೂ ಕಪ್ ತಂದವನು ನಾನು. ಒಂದು ಕಪ್ಪಿನಲ್ಲಿ ಈಗ ಅಕ್ಕನ ಸೇಫ್ಟಿ ಪಿನ್ನುಗಳಿವೆ, ಇನ್ನೊಂದರಲ್ಲಿ ಅಮ್ಮನ ರಕ್ತದೊತ್ತಡದ ಮಾತ್ರೆಗಳು. ಆ ಮಾತ್ರೆಗಳಿಗೂ ನನ್ನ ವಿದ್ಯೆಗೂ ಸಂಬಂಧವಿದೆ ಎಂದು ಅಮ್ಮನ ವಾದ. ಮನೆಯಲ್ಲಿ ನಾವು ಆಡುವುದು ತುಳು. ಆದರೆ ತರ್ಕ ಏರಿದ ಹಾಗೆ ನನ್ನ ಬಾಯಿ ತನ್ನಷ್ಟಕ್ಕೆ ಪುಸ್ತಕದ ಕನ್ನಡಕ್ಕೆ ಹೊರಳುತ್ತದೆ. “ಓ, ಇವನ ಕನ್ನಡ ಸುರುವಾಯ್ತು” ಎನ್ನುತ್ತಾ ಅಮ್ಮ ಒಳಗೆ ಹೋಗಿಬಿಡುತ್ತಾಳೆ. ಎದುರಾಳಿ ಸಭೆಯನ್ನು ತೊರೆದರೆ ಗೆಲುವು ನನ್ನದು ಎಂಬ ಲೆಕ್ಕದಲ್ಲಿ ನಾನು ಮನೆಯೊಳಗೆ ಈವರೆಗೆ ಸೋತದ್ದೇ ಇಲ್ಲ.

ಹಾಗಿದ್ದ ನನ್ನ ಎದುರಿಗೆ ಒಂದು ಹೊಗೆ ಬಂದು ನಿಂತಿತು. ಅದು ಭಾವನ ಕಾರಿನ ಹೊಗೆ. ಭಾವ ಎಂದರೆ ಅಕ್ಕನ ಗಂಡ. ಕೆಲಸ ಗಲ್ಫಿನಲ್ಲಿ, ವರ್ಷಕ್ಕೊಮ್ಮೆ ರಜೆ. ಕಳೆದ ಸಲ ಬಂದಾಗ ಯಾರೋ ಓಡಿಸಿ ಬಿಟ್ಟ ಸಣ್ಣ ಬಿಳಿ ಕಾರೊಂದನ್ನು ಕೊಂಡು, ರಜೆ ಮುಗಿಯುವವರೆಗೆ ಅಕ್ಕನನ್ನು ಕೂರಿಸಿಕೊಂಡು ಮಾಣಿ, ಮೆಲ್ಕಾರ್ ಎಂದು ಸುತ್ತಲಿನ ಪೇಟೆಗಳನ್ನೆಲ್ಲ ಸುತ್ತಿ, ಹೊರಡುವ ದಿನ ನಮ್ಮ ಸೌದೆ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದ. ನಮ್ಮ ಕಡೆ ಇಂಥ ಕಾರುಗಳು ಬೇಕಾದಷ್ಟಿವೆ. ಯಜಮಾನ ರಜೆಯಲ್ಲಿ ಬರುವಾಗ ಎದ್ದು, ಮೈ ತೊಳೆದುಕೊಂಡು, ಬಜಪೆ ವಿಮಾನ ನಿಲ್ದಾಣಕ್ಕೆ ಎದುರುಗೊಳ್ಳಲು ಹೋಗುವುದೇ ಅವುಗಳ ಉದ್ಯೋಗ. ಉಳಿದ ಕಾಲವೆಲ್ಲ ನಿದ್ರೆ. ಗಲ್ಫಿನವನು ಬಾಡಿಗೆ ಕಾರಿನಲ್ಲಿ ಬಂದಿಳಿದರೆ ಮೆಲ್ಕಾರಿನ ಜಂಕ್ಷನ್ನು ಅವನ ಬಗ್ಗೆ ಎರಡೆರಡು ಸಲ ಯೋಚಿಸುತ್ತದೆ. “ನಾನು ಬರುವಾಗ ಇದೇ ಕಾರು ಬಜಪೆಗೆ ಬರ್ಬೇಕು, ಆಯ್ತಾ?” ಎಂದು ಭಾವ ಹೇಳಿ ಹೋದ ಮಾತನ್ನು ಅಕ್ಕ ಕರಾರುಪತ್ರದ ಹಾಗೆ ಇಟ್ಟುಕೊಂಡಿದ್ದಳು.

ಭಾವ ಮರುವರ್ಷ ಬರಲಿಲ್ಲ. ಅದರ ಮರುವರ್ಷವೂ ಇಲ್ಲ. ಅವನ ಫೋನು ಬರುತ್ತಿದ್ದದ್ದು ಅದ್ರಾಮಾಕನ ಅಂಗಡಿಗೆ. ಅದ್ರಾಮಾಕ ನಮ್ಮ ನೆರೆಯವರು, ತಾವೂ ಗಲ್ಫಿನಲ್ಲಿ ಡ್ರೈವರಾಗಿದ್ದು ಬಂದು ಈಗ ಅಂಗಡಿ ಇಟ್ಟವರು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದ ಫೋನು ತಿಂಗಳಿಗೊಮ್ಮೆಯಾಗಿ, ಆಮೇಲೆ ಹಬ್ಬಕ್ಕೊಮ್ಮೆಯಾಯಿತು. ಊರಿನ ಹೆಂಗಸರು ಅಕ್ಕನನ್ನು ವಿಚಾರಿಸುವ ದನಿಯಲ್ಲಿ ಒಂದು ಬಗೆಯ ಮೃದುತ್ವ ಬಂತು. ಆ ಮೃದುತ್ವಕ್ಕಿಂತ ಬೈಗುಳ ವಾಸಿ. ಮನೆಯಲ್ಲಿ ಮಾತ್ರ ಯಾರೂ ಭಾವ ಬಾರದ ಸುದ್ದಿ ಎತ್ತುತ್ತಿರಲಿಲ್ಲ. ಹೊತ್ತು ಮೂಡುವುದನ್ನೂ ಪ್ರಶ್ನಿಸುವ ನಾನು ಕೂಡ.

ಕಳೆದ ಬೇಸಿಗೆಯಲ್ಲಿ ಅದ್ರಾಮಾಕ ಅಂಗಡಿ ಬಿಟ್ಟು ಓಡೋಡಿ ಬಂದರು. “ಬರುವ ಶುಕ್ರವಾರ ಬೆಳಿಗ್ಗೆಯ ವಿಮಾನಕ್ಕೆ ಬರ್ತಾರಂತೆ! ಕಾರು ತೆಗೀರಿ ಮಾರಾಯ್ರೆ!”

ತೆಗೆದೆವು. ಟಾರ್ಪಾಲಿನ ಅಡಿಯಿಂದ ಒಂದು ಹೆಗ್ಗಣ ಹೊರಬಂದು ನಮ್ಮನ್ನೇ ಅಪರಿಚಿತರಂತೆ ನೋಡಿ ಹೋಯಿತು. ಬ್ಯಾಟರಿ ಸತ್ತಿತ್ತು. ಎರವಲು ಬ್ಯಾಟರಿ ತಂದು ಜೋಡಿಸಿದರೂ ಎಂಜಿನ್ ಬಹಳ ಹೊತ್ತು ಕೆಮ್ಮಿ, ಕೊನೆಗೆ ಸ್ಟಾರ್ಟಾಗಿ, ಹಿಂದಿನಿಂದ ಬಿಟ್ಟಿತು ನೋಡಿ ಹೊಗೆ! ಕೊಟ್ಟಿಗೆ ಕಾಣಲಿಲ್ಲ, ತೆಂಗಿನಮರ ಕಾಣಲಿಲ್ಲ, ಅದ್ರಾಮಾಕನ ಕೆಮ್ಮು ಮಾತ್ರ ಕೇಳಿಸಿತು. ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, “ಎಂತ, ಬಾಳೆಕಾಯಿ ಕರೀತಿದ್ದೀರಾ? ಅಳಿಯ ಬರ್ತಾರಂತಲ್ಲ!” ಎಂದು ಕೂಗಿದಳು. ಅಮ್ಮನಿಗೆ ಅಳು ಬಂತು.

ಮಾಣಿಯಿಂದ ಮೆಕ್ಯಾನಿಕ್ ಸಂಜೀವಣ್ಣನನ್ನು ಕರೆಸಿದೆವು. ಅವನು ಹೊಗೆಯನ್ನೊಮ್ಮೆ ನೋಡಿ, “ನೀಲಿ. ಎಂಜಿನ್ ಒಳಗೆ ಆಯಿಲು ಸುಡ್ತಾ ಉಂಟು. ಪಿಸ್ಟನ್ನಿನ ರಿಂಗು ಹೋಗಿದೆ, ಬಿಚ್ಚಬೇಕು, ಹದಿನೈದು ದಿನ ಬೇಕು” ಎಂದ. “ಎಲ್ಲಿಯ ನೀಲಿ? ಬಿಳಿ!” ಎಂದರು ಅದ್ರಾಮಾಕ. “ನಾನು ಗಲ್ಫಲ್ಲಿ ಎಷ್ಟು ಗಾಡಿ ನೋಡಿದ್ದೇನೆ. ಗ್ಯಾಸ್ಕೆಟ್ ಒಡೆದು ರೇಡಿಯೇಟರಿನ ನೀರು ಒಳಗೆ ಹೋಗ್ತಾ ಉಂಟು.” “ಗಲ್ಫಲ್ಲಿ ಮಳೆ ಉಂಟಾ? ಅಲ್ಲಿಯ ಹೊಗೆ ಬೇರೆ, ಇಲ್ಲಿಯದ್ದು ಬೇರೆ” ಎಂದ ಸಂಜೀವಣ್ಣ. “ಹೊಗೆಗೂ ಪಾಸ್‌ಪೋರ್ಟ್ ಮಾಡಿಸ್ಬೇಕಾ ಸಂಜೀವ?”

ನನ್ನ ಮೈಯಲ್ಲಿ ವೇದಿಕೆಯ ಕಾವು ಏರಿತು. ಮೊದಲು ನೀಲಿ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ ಎಂದೆ. “ಸುರುವಾಯ್ತು” ಎಂದು ಅಮ್ಮ ಒಳಗೆ ಹೋದಳು. ರೇಡಿಯೇಟರಿನ ನೀರು ಅಳೆದು ತೋರಿಸಿ, ಹನಿಯೂ ಕಡಿಮೆಯಾಗಿಲ್ಲ ಎಂದು ಅದ್ರಾಮಾಕನನ್ನು ಸೋಲಿಸಿದೆ. ರಿಂಗು ಹೋದ ಗಾಡಿ ಕೊಟ್ಟಿಗೆಯಿಂದ ಅಂಗಳದ ಏರನ್ನು ಇಷ್ಟು ಸಲೀಸಾಗಿ ಹೇಗೆ ಹತ್ತಿತು ಎಂದು ಕೇಳಿ ಸಂಜೀವಣ್ಣನನ್ನು ಸೋಲಿಸಿದೆ. ನನ್ನ ಪಕ್ಷ ಸರಳವಾಗಿತ್ತು: ನಮ್ಮ ಮಳೆಗಾಲದ ತೇವವೆಲ್ಲ ಸೈಲೆನ್ಸರಿನೊಳಗೆ ನಿಂತಿದೆ, ಕಾದ ಕೂಡಲೇ ಆವಿಯಾಗಿ ಮುಗಿಯುತ್ತದೆ, ಇದು ಬರೀ ಹಬೆ. ಸಂಜೀವಣ್ಣ ತನ್ನ ಬಿಳಿ ಕರ್ಚೀಫನ್ನು ಸೈಲೆನ್ಸರಿನ ಬಾಯಿಗೆ ಹಿಡಿದು ನನ್ನ ಕೈಗಿಟ್ಟ. ಎಣ್ಣೆಯ ಕಲೆ. “ನಿಮ್ಮ ಹಬೆಗೆ ಜಿಡ್ಡು ಉಂಟಲ್ಲ?” ಎಂಜಿನ್ನಿನ ಕಪ್ಪು ಆಯಿಲಾದರೆ ಕಲೆ ಕಪ್ಪಿರಬೇಕಿತ್ತು, ಇದು ತಿಳಿಯಾಗಿದೆ, ಆದ್ದರಿಂದ ನಿನ್ನ ಪಕ್ಷವೂ ಬಿತ್ತು ಎಂದೆ ನಾನು. ಹೀಗೆ ಮೂವರ ಪಕ್ಷವೂ ಬಿದ್ದು ಹೊಗೆ ಒಂದೇ ಉಳಿಯಿತು. ಅಷ್ಟು ಹೊತ್ತೂ ಅಕ್ಕ ಬಾಗಿಲಿಗೆ ಒರಗಿ, ತೀರ್ಪುಗಾರರ ಹಾಗೆ ನೋಡುತ್ತಿದ್ದಳು.

ಹೋಗುವಾಗ ಸಂಜೀವಣ್ಣ, “ಬಿ.ಸಿ. ರೋಡ್ ದಾಟಿದ್ರೆ ನಾನು ಜವಾಬ್ದಾರನಲ್ಲ” ಎಂದ. ಟ್ಯಾಕ್ಸಿಗೆ ಹೇಳುವ ಎಂದಳು ಅಮ್ಮ. ಅಕ್ಕ ಆಗ ಬಾಯಿ ಬಿಟ್ಟಳು. “ಟ್ಯಾಕ್ಸಿಯಲ್ಲಾದ್ರೆ ನಾನು ಬರುದಿಲ್ಲ. ಕಾರು ಇಟ್ಟಲ್ಲೇ ಹಾಳಾಗಿದೆ ಅಂತ ಅವರು ತಿಳ್ಕೊಳ್ಳುದು ಬೇಡ. ಹಾಳಾಗ್ಲಿಕ್ಕೆ ನಾನು ಬಿಡ್ಲಿಲ್ಲ.” ಇದಕ್ಕೆ ನನ್ನ ಬಳಿ ಖಂಡನೆ ಇತ್ತು. ಅವಳ ಮುಖ ನೋಡಿ ನುಂಗಿಕೊಂಡೆ. ಮನೆಯಲ್ಲಿ ಲೈಸೆನ್ಸ್ ಇದ್ದವನು ನಾನೊಬ್ಬನೇ ಆದ್ದರಿಂದ ಚಾಲಕನೂ ನಾನೇ ಆದೆ.

ಶುಕ್ರವಾರ ಬೆಳಿಗ್ಗೆ ಬಂಟ್ವಾಳ ತಾಲೂಕಿನ ಅರ್ಧಕ್ಕೆ ಹೊಗೆ ಹಾಕುತ್ತಾ ಹೊರಟೆವು. ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟು, ಕಳೆದ ಸಲದ ಹಾಗೆಯೇ ಮುಂದಿನ ಸೀಟಿನಲ್ಲಿ ಕೂತಿದ್ದಳು. ಬಿ.ಸಿ. ರೋಡಿನಲ್ಲಿ ಬಸ್ಸಿನವರು ಮೂಗು ಮುಚ್ಚಿಕೊಂಡರು. ಒಬ್ಬ ಕಿಟಕಿಯಿಂದ ಬಗ್ಗಿ, “ಹಪ್ಪಳ ಆಯ್ತಾ ಅಣ್ಣ?” ಎಂದ. ಪೊಳಲಿ ದಾಟುವಾಗ ಕನ್ನಡಿಯಲ್ಲಿ ಹಿಂದಿನ ರಸ್ತೆ ತೆಳುವಾಗಿ ಕಾಣಿಸಿತು. ಕೈಕಂಬಕ್ಕೆ ಬಂದಾಗ ರಸ್ತೆ, ಮರ, ಬಸ್ಸು ಎಲ್ಲ ಇದ್ದಲ್ಲೇ ಇದ್ದವು. ಹೊಗೆ ನಿಂತಿತ್ತು! ಎಂಜಿನ್ನು ಹೊಸ ಹೊಲಿಗೆಯಂತ್ರದ ಹಾಗೆ ಓಡುತ್ತಿತ್ತು. ಸಂಜೀವಣ್ಣನಿಗೆ ಹೇಳಬೇಕಾದ ವಾಕ್ಯಗಳನ್ನು ನಾನು ಮನಸ್ಸಿನಲ್ಲಿ ಜೋಡಿಸತೊಡಗಿದೆ.

ವಿಮಾನ ಬಂತು. ಕಂಬಳಿ, ಟೇಪ್‌ರೆಕಾರ್ಡರ್, ಹಗ್ಗ ಬಿಗಿದ ದೊಡ್ಡ ಪೆಟ್ಟಿಗೆಗಳ ಜೊತೆ ಜನ ಹೊರಬಂದರು, ಅಪ್ಪಿಕೊಂಡರು, ಅತ್ತರು, ತಮ್ಮ ತಮ್ಮ ಕಾರು ಹತ್ತಿ ಹೋದರು. ಅತ್ತರಿನ ವಾಸನೆಯೂ ಹೋಯಿತು. ಕೊನೆಗೆ ಕಸ ಗುಡಿಸುವವರು ಹೊರಬಂದ ಮೇಲೆಯೂ ಅಕ್ಕ ಕಂಬಿ ಹಿಡಿದು ನಿಂತೇ ಇದ್ದಳು. ಒಳಗೆ ವಿಚಾರಿಸಿದೆ. ಆ ಹೆಸರಿನವರು ಆ ವಿಮಾನದಲ್ಲಿ ಇರಲಿಲ್ಲ. “ಹೋಗುವ” ಎಂದಳು ಅಕ್ಕ.

ಕೈಕಂಬ ಬಂತು. ಏನಾದರೂ ಹೇಳಬೇಕಲ್ಲ ಎಂದು, “ಹೊಗೆ ಪೂರ್ತಿ ನಿಂತಿದೆ ಅಕ್ಕ. ನಾನು ಹೇಳಿದ್ದೇ ಸರಿ, ಬರೀ ತೇವ” ಎಂದೆ.

“ತೇವ ಅಲ್ಲ, ತೆಂಗಿನೆಣ್ಣೆ. ನಾನೇ ಹಾಕಿದ್ದು.”

ಮಳೆ ಹಿಡಿಯುವ ಮುಂಚೆ, ತುಕ್ಕು ಬಾರದ ಹಾಗೆ, ಮನೆಯ ಕಬ್ಬಿಣಕ್ಕೆಲ್ಲ ತೆಂಗಿನೆಣ್ಣೆ ಸವರುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಬೀಗ, ಕತ್ತಿ, ದೋಸೆ ಕಾವಲಿ, ಗೇಟಿನ ತಿರುಗಣೆ, ಯಾವುದನ್ನೂ ಬಿಡುವುದಿಲ್ಲ. ಅಕ್ಕ ಕಾರನ್ನೂ ಬಿಟ್ಟಿರಲಿಲ್ಲ. ಮಳೆಗಾಲ ಮಳೆಗಾಲಕ್ಕೂ ಎಂಜಿನ್ನಿನ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಒಂದೊಂದು ಚಮಚ ಎಣ್ಣೆ ಬಿಟ್ಟು, ಮತ್ತೆ ಬಿಗಿದಿದ್ದಳು.

“ಪ್ಲಗ್ ಬಿಚ್ಚಲಿಕ್ಕೆ ನಿನಗೆ ಯಾರು ಕಲಿಸಿದ್ದು?”

“ಅವರೇ. ಆ ರಜೆಯಲ್ಲಿ. ಅವರು ನನಗೆ ಕಲಿಸಿದ್ದು ಅದೊಂದೇ.”

“ಮತ್ತೆ ಮೊನ್ನೆ ಅಷ್ಟು ಗಲಾಟೆ ಆಗುವಾಗ ಹೇಳಬಾರದಿತ್ತಾ?”

“ನೀವು ಮೂರು ಜನ ಅಷ್ಟು ಗಟ್ಟಿ ಮಾತಾಡುವಾಗ ಮನೆ ತುಂಬ ಜನ ಇದ್ದ ಹಾಗೆ ಆಗ್ತಿತ್ತು. ಮುಗಿಯುದು ಬೇಡ ಅನಿಸಿತು.” ನನ್ನ ಕಡೆ ತಿರುಗಿ ಕೇಳಿದಳು: “ನೀನು ಎರಡೂ ಪಕ್ಷದಿಂದ ಮಾತಾಡ್ತಿಯಲ್ಲ? ಈಗ ಸ್ವಲ್ಪ ಅವರ ಪಕ್ಷದಿಂದ ಮಾತಾಡು, ಕೇಳುವ.”

ವಿಷಯ ಕೊಟ್ಟ ಕೂಡಲೇ ಎದ್ದು ನಿಲ್ಲುವ ಅಭ್ಯಾಸ ನನಗೆ. ರಜೆ ಸಿಕ್ಕಿರಲಿಕ್ಕಿಲ್ಲ ಎಂದೆ. ಟಿಕೆಟ್ ಏನೋ ಹೆಚ್ಚುಕಡಿಮೆ ಆಗಿರಬಹುದು ಎಂದೆ. ಮೂರನೆಯದ್ದು ಬಾಯಿಗೆ ಬರಲಿಲ್ಲ. ಎಚ್ಚರಿಕೆಯ ಗಂಟೆ ಹೊಡೆಯುವ ಮುಂಚೆಯೇ ನನ್ನ ಮಾತು ಮುಗಿದದ್ದು ಅದೇ ಮೊದಲು. ಅಕ್ಕ ಸಭೆಯನ್ನು ತೊರೆಯಲಿಲ್ಲ; ಓಡುವ ಕಾರಿನಿಂದ ಎಲ್ಲಿಗೆ ತೊರೆಯುವುದು? ಪೊಳಲಿಯವರೆಗೆ ಕಾದು ನೋಡಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

ಆಮೇಲೆ ಅದ್ರಾಮಾಕನ ಅಂಗಡಿಗೆ ಭಾವನ ಫೋನು ಬಂತು. ರಜೆ ರದ್ದಾಯಿತಂತೆ, ಮುಂದಿನ ವರ್ಷ ನೋಡುವ ಅಂದರಂತೆ. ಅದ್ರಾಮಾಕ ಅದನ್ನು ನಮಗೆ ಹೇಳುವಾಗ ಅಂಗಳದ ಕಲ್ಲೊಂದನ್ನೇ ನೋಡುತ್ತಿದ್ದರು. ಅವರೂ ಹೆಂಗಸರ ಆ ಮೃದು ದನಿ ಕಲಿತಿದ್ದರು.

ಮೊನ್ನೆ ಪಡುವಣದಲ್ಲಿ ಮೋಡ ಕಟ್ಟಿತು. ಅಕ್ಕ ಟಾರ್ಪಾಲು ಸರಿಸಿ, ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಒರೆಸಿಟ್ಟು, ಎಣ್ಣೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ಎಂಜಿನ್ನಿಗೆ ತೆಂಗಿನೆಣ್ಣೆ ಏಕೆ ಸಲ್ಲದು ಎಂಬುದಕ್ಕೆ ನನ್ನಲ್ಲಿ ಬಲವಾದ ಕಾರಣಗಳಿವೆ. ಅವನ್ನು ಪುಸ್ತಕದ ಕನ್ನಡದಲ್ಲಿ, ಯಾವ ವೇದಿಕೆಯಲ್ಲಿ ಬೇಕಾದರೂ ಮಂಡಿಸಬಲ್ಲೆ. “ಬಟ್ಟಲು ಸರಿ ಹಿಡಿ, ಚೆಲ್ತದೆ” ಎಂದಳು ಅಕ್ಕ. ಎರಡೂ ಕೈಯಲ್ಲಿ ಹಿಡಿದುಕೊಂಡೆ.