ಗಲ್ಲಾ ಮತ್ತು ನನ್ನ ಕತ್ತು

ನನ್ನ ಕತ್ತುನೋವಿಗೆ ನನ್ನ ಅನುಮಾನದ ಬುದ್ಧಿಯೇ ಕಾರಣ ಎಂದು ನನ್ನ ಹೆಂಡತಿ ಜಲಜಾಕ್ಷಿ ದೆಹಲಿಯ ನಮ್ಮ ಬಡಾವಣೆ ಮುನಿರ್ಕಾದ ಅರ್ಧಕ್ಕೆ ಹೇಳಿ ಮುಗಿಸಿದ್ದಾಳೆ. ಉಳಿದರ್ಧ ನಮ್ಮ ಹೋಟೆಲಿಗೆ ಬರುವುದಿಲ್ಲ, ಹಾಗಾಗಿ ಬಚಾವ್.

ನಿಜವಾದ ಕಾರಣ ವಾಸ್ತು. ನಮ್ಮದು ಇಡ್ಲಿ-ದೋಸೆಯ ಚಿಕ್ಕ ಹೋಟೆಲು. ಗಲ್ಲಾದಲ್ಲಿ ಕೂತವನ ಮುಖ ಪೂರ್ವದ ಬಾಗಿಲಿಗಿದ್ದರೆ ಮಾತ್ರ ಲಕ್ಷ್ಮಿ ಒಳಗೆ ಬರುತ್ತಾಳೆ ಎಂದು ಊರಿನ ಜೋಯಿಸರು ಫೋನಿನಲ್ಲೇ ಅಪ್ಪಣೆ ಕೊಡಿಸಿದ್ದರು. ಹಾಗೇ ಕೂತೆ. ಅಡುಗೆಮನೆ ಸರಿಯಾಗಿ ನನ್ನ ಬೆನ್ನ ಹಿಂದೆ ಬಂತು. ಅಲ್ಲಿ ನಮ್ಮ ಅಡುಗೆಯ ತುಕ್ರ ದೋಸೆಗೆ ತುಪ್ಪ ಹಾಕುತ್ತಾನೋ, ಅಭಿಷೇಕ ಮಾಡುತ್ತಾನೋ ಎಂದು ನಾನಲ್ಲದೆ ಯಾರು ನೋಡಬೇಕು? ಮುಂದೆ ಲಕ್ಷ್ಮಿ, ಹಿಂದೆ ತುಕ್ರ, ನಡುವೆ ನನ್ನ ಬಡಪಾಯಿ ಕತ್ತು. ಒಂದು ಬೆಳಿಗ್ಗೆ ತುಪ್ಪದ ಕಡೆ ತಿರುಗಿದ ಕತ್ತು ಲಕ್ಷ್ಮಿಯ ಕಡೆ ವಾಪಸು ಬರಲೇ ಇಲ್ಲ. (ಅವತ್ತು ಗಿರಾಕಿಗಳಿಗೆ ಕಿವಿ ತೋರಿಸಿಕೊಂಡೇ ಚಿಲ್ಲರೆ ಕೊಟ್ಟೆ.)

ಹತ್ತಿರದ ಹೌಜ್ ಖಾಸ್ ಬಡಾವಣೆಯಲ್ಲಿ ದಾವಣಗೆರೆ ಕಡೆಯ ಲಾವಣ್ಯಾ ಎಂಬ ಫಿಸಿಯೋಥೆರಪಿಸ್ಟ್ ಇದ್ದಾರೆ. ಜಲಜಾಕ್ಷಿ ನನ್ನನ್ನು ಆಟೋಗೆ ತುಂಬಿಕೊಂಡು ಅಲ್ಲಿಗೆ ಹೋದಳು. ಅವರು ನನ್ನ ಹೆಗಲನ್ನು ಒತ್ತಿ ನೋಡಿದರು.

"ಮೂಳೆಗೇನೂ ಆಗಿಲ್ಲ ಅಂಕಲ್. ಸ್ನಾಯು ಬಿಗಿದುಕೊಂಡಿದೆ. ಟೆನ್ಶನ್ ಜಾಸ್ತಿನಾ?"

"ಎಂತ ಟೆನ್ಶನ್ನೂ ಇಲ್ಲ," ಎಂದೆ.

"ಉಂಟು," ಎಂದಳು ಜಲಜಾಕ್ಷಿ. "ನಿದ್ದೆಯಲ್ಲೂ 'ತುಪ್ಪ ಸಾಕು ಮಾರಾಯ' ಅಂತಾರೆ."

ಲಾವಣ್ಯಾ ಕತ್ತಿಗೆ ಶಾಖ ಕೊಟ್ಟರು (ದೆಹಲಿಯ ಜನವರಿಯಲ್ಲಿ ಅದೊಂದಕ್ಕೇ ಹೋಗಬಹುದು). ಗಲ್ಲವನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನು ಕಲಿಸಿದರು (ಗಲ್ಲಾದವನಿಗೆ ಗಲ್ಲದ ಶಿಕ್ಷೆ). ಆಮೇಲೆ ಬರಸಿಡಿಲು: ಒಂದೇ ಕಡೆ ಕೂರಬಾರದು, ತೋಳು, ಭುಜ ಆಡಿಸುತ್ತಿರಬೇಕು.

"ಗಲ್ಲಾದಲ್ಲಿ ಯಾರು ಕೂರೋದು?"

"ನಾನು ಕೂರ್ತೇನೆ," ಎಂದಳು ಜಲಜಾಕ್ಷಿ. "ನಿಮ್ಮ ಕತ್ತು ಸರಿಯಾಗುವ ತನಕ ಮಾತ್ರ."

ವಾದ ಮಾಡೋಣವೆಂದರೆ ಅವಳ ಮುಖ ಕಾಣಬೇಕಲ್ಲ. ಅವಳು ನನ್ನ ಬಲಕ್ಕಿದ್ದಳು, ಕತ್ತು ಎಡಕ್ಕಿತ್ತು. ಒಪ್ಪಿದೆ. ಆದಷ್ಟು ಬೇಗ ಗುಣವಾಗಿ ಸಿಂಹಾಸನ ಮರಳಿ ಪಡೆಯುತ್ತೇನೆಂದು ಗೋಡೆಯ ಕಡೆ ನೋಡಿಕೊಂಡು ಶಪಥ ಮಾಡಿದೆ.

ಮಾರನೆಯ ದಿನವೇ ಅವಳು ಗಲ್ಲಾದ ಕುರ್ಚಿಯನ್ನು ದಕ್ಷಿಣಕ್ಕೆ ತಿರುಗಿಸಿದಳು.

"ಜೋಯಿಸರು ಪೂರ್ವ ಅಂದಿದ್ದಾರೆ ಮಾರಾಯ್ತಿ."

"ಹೀಗೆ ಕೂತ್ರೆ ಬಾಗಿಲೂ ಕಾಣ್ತದೆ, ತುಕ್ರನೂ ಕಾಣ್ತಾನೆ. ನೀವು ವ್ಯಾಯಾಮ ಮಾಡಿ."

ಮೂಲೆಯಲ್ಲಿ ನಿಂತು ಕೈ ಆಡಿಸತೊಡಗಿದೆ. ಅವಳು ಸ್ವಲ್ಪ ಹೊತ್ತು ನೋಡಿದಳು. "ಗಾಳಿಯಲ್ಲಿ ಯಾಕೆ ಸುಮ್ನೆ ಆಡಿಸೋದು? ಕೈಯಲ್ಲಿ ಬಟ್ಟೆ ಇದ್ರೆ ಟೇಬಲ್ಲೂ ಕ್ಲೀನಾಗ್ತದೆ."

ನ್ಯಾಯ ಕೇಳಿ ಲಾವಣ್ಯಾಗೆ ಫೋನ್ ಮಾಡಿದೆ. "ಒಳ್ಳೇದೇ ಅಂಕಲ್, ಕೈ ಬದಲಿಸಿ ಬದಲಿಸಿ ಒರೆಸಿ," ಎಂದರು. ಹೆಂಗಸರು ಹೆಂಗಸರು ಒಂದಾದರು.

ಒರೆಸಿದೆ. ಮನೆಯಲ್ಲಿ ಗಲ್ಲ ಎಳೆದುಕೊಂಡೆ, ಹೋಟೆಲಿನಲ್ಲಿ ಟೇಬಲು ಒರೆಸಿದೆ. ತುಕ್ರ ತುಪ್ಪ ಸುರಿಯುತ್ತಲೇ ಇದ್ದ, ಆದರೆ ಬಗ್ಗಿ ಒರೆಸುವವನಿಗೆ ಅದು ಕಾಣುವುದಿಲ್ಲ. ಕಾಣದಿದ್ದದ್ದು ಕತ್ತಿಗೆ ಬರಲಿಲ್ಲ. ರಾತ್ರಿ ನಿದ್ದೆ ಹತ್ತತೊಡಗಿತು. ತುಪ್ಪದ ವಾಸನೆಗೆ ಕಾಲೇಜು ಹುಡುಗರು ಬಾಗಿಲಾಚೆ ಸಾಲು ನಿಂತರು. ಲಕ್ಷ್ಮಿ ದಕ್ಷಿಣದ ದಾರಿಯನ್ನು ಯಾರಲ್ಲಿ ಕೇಳಿಕೊಂಡಳೋ, ಬಂದಳು. ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು.

ಚಳಿ ಮುಗಿಯುವ ಹೊತ್ತಿಗೆ ಲಾವಣ್ಯಾ ನನ್ನ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ, ಪೂರ್ತಿ ಗುಣ ಎಂದರು. ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಠೀವಿಯಲ್ಲಿ ಹೋಟೆಲಿಗೆ ಬಂದೆ.

"ಏಳು ಜಲಜಾ. ಕತ್ತು ಸರಿಯಾಯ್ತು."

"ಹೌದಾ? ಇನ್ನು ಎಂತ ಮಾಡ್ಬೇಕಂತೆ?"

"ಇದುವರೆಗೆ ಮಾಡಿದ್ದನ್ನೇ ಬಿಡದೆ ಮುಂದುವರಿಸಬೇಕಂತೆ," ಎಂದು ಹೆಮ್ಮೆಯಿಂದ ಹೇಳಿದೆ.

"ಅಚ್ಛಾ," ಎಂದು ಅವಳು ಗಲ್ಲಾದ ಕೆಳಗಿಂದ ಬಟ್ಟೆ ತೆಗೆದು ನನ್ನ ಕೈಗಿಟ್ಟಳು.

ಅಷ್ಟರಲ್ಲಿ ಎದುರಿನ ಟೇಬಲಿನ ಹುಡುಗನೊಬ್ಬ ಕೈ ಎತ್ತಿ, ಸಾಂಬಾರು ಚೆಲ್ಲಿದ ತನ್ನ ಟೇಬಲು ತೋರಿಸಿದ. "ಭಯ್ಯಾ, ಇಧರ್ ಭೀ ಸಾಫ್ ಕರ್ ದೋ. ನಯೇ ಆಯೇ ಹೋ?"

ಯಾರಪ್ಪಾ ಈ ಹೊಸ ಕೆಲಸದವ ಎಂದು ಗರಕ್ಕನೆ ಹಿಂದೆ ತಿರುಗಿ ನೋಡಿದೆ. ಕತ್ತು ಪೂರ್ತಿ ತಿರುಗಿತು. ಒಂದು ಚೂರೂ ನೋಯಲಿಲ್ಲ.

ಹಿಂದೆ ಯಾರೂ ಇರಲಿಲ್ಲ. ಹೋಗಿ ಒರೆಸಿದೆ.